ಗಂಜಿ ಕುಡಿದ ಗುಂಡಿ

ಗುಳೇದಗುಡ್ಡದ ನೇಕಾರರ ಓಣಿಯ ಇಂದ್ರವ್ವ ನಾಲ್ಕು ಮಂದಿಯ ಮುಂದೆ ಬಾಯಿ ತೆರೆದವಳಲ್ಲ. ೧೯೫೪ರ ಬೇಸಿಗೆಯಲ್ಲಿ ಗ್ರಾಮಸೇವಕರು ಬಂದು, ಕಸವನ್ನು ಬೀದಿಗೆ ಚೆಲ್ಲದೆ ಗುಂಡಿಗೆ ಹಾಕಿ ಗೊಬ್ಬರ ಮಾಡಿರೆಂದು ಹೇಳಿದಾಗ ಮಾತ್ರ, ಅದೇನು ಧೈರ್ಯ ಬಂತೋ, "ನಮ್ಮ ಹಿತ್ತಲದಾಗ ಜಾಗಾ ಐತ್ರಿ, ಅಲ್ಲೇ ಅಗೀರಿ" ಎಂದುಬಿಟ್ಟಳು. ಓಣಿಯವರು ಎರಡು ದಿನ ಮಗ್ಗ ನಿಲ್ಲಿಸಿ ಶ್ರಮದಾನ ಮಾಡಿದರು. ಸೊಂಟದಷ್ಟು ಆಳದ ಗುಂಡಿಯಾಯಿತು. ಬೆಳಿಗ್ಗೆ ಮನೆಮನೆಯ ಕಸ ಹೊತ್ತು ತರುವ ಕೆಲಸವನ್ನು ಇಂದ್ರವ್ವ ತಾನೇ ವಹಿಸಿಕೊಂಡಳು.

ತಿಂಗಳಾಗುವುದರೊಳಗೆ ಗುಂಡಿ ಹುಳಿಹುಳಿಯಾಗಿ ನಾರತೊಡಗಿತು. ಓಣಿಯ ಹಿರಿಯ ಮಲಕಪ್ಪ ಧೋತರದ ಚುಂಗನ್ನು ಮೂಗಿಗೆ ಹಿಡಿದು ಬಂದ.

"ಇಂದ್ರವ್ವಾ, ಈ ವಾಸನಿಗೆ ರೊಟ್ಟಿ ಗಂಟಲದಾಗ ಇಳೀವಲ್ದು. ಅಮಾಸಿ ಮಟಾ ನೋಡ್ತೇವಿ. ಆಮ್ಯಾಲೆ ಮುಚ್ಚೂದ."

"ಹೂನ್ರಿ ಕಾಕಾ" ಎಂದಳು. ಅಮಾವಾಸ್ಯೆಗೆ ಹತ್ತೇ ದಿನ. ತನ್ನ ಮಾತು ನಂಬಿ ಮಗ್ಗ ಬಿಟ್ಟು ಬಂದವರಿಗೆ ಮುಖ ತೋರಿಸುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಪಕ್ಕದ ಓಣಿಯಲ್ಲಿ ಆಡು ಸಾಕಿದ ಹುಸೇನಬಿ ಕರೆಯದೆಯೇ ಬಂದಳು. ಕೋಲಿನಿಂದ ಗುಂಡಿ ಕೆದಕಿದಳು. ಕಸ ಅಂಟಂಟಾಗಿ ಎದ್ದು ಬಂತು.

"ಏನ ಕುಡಿಸಿದಿ ಇದಕ್ಕ?"

"ನೂಲಿಗೆ ಹಚ್ಚಿ ಉಳಿದ ಗಂಜಿ. ಹನ್ನೆರಡು ಮನೀದು. ಮಣ್ಣಿಗೂ ತಾಕತ್ತು ಬರ್ತೈತಿ ಅಂತ ನಾನ ತಂದು ಹಾಕಿದೆ."

ಹುಸೇನಬಿ ನಕ್ಕಳು. "ನೇಕಾರರ ಬುದ್ಧಿ ನೋಡ. ಗುಂಡಿಗೂ ಗಂಜಿ ಹಚ್ಚೀರಿ. ಒಳಗ ಗಾಳಿ ಆಡೂದು ಬ್ಯಾಡೇನ?"

ಮರುದಿನ ಅವಳು ಆಡಿನ ಹಿಕ್ಕೆ, ಒಣಗಿದ ಬೇವಿನೆಲೆ ಬುಟ್ಟಿಗಟ್ಟಲೆ ಹೊತ್ತು ತಂದಳು. ಇಬ್ಬರೂ ಗುಂಡಿಯನ್ನೆಲ್ಲ ಮೇಲೆ ಕೆಳಗೆ ಮಾಡಿ, ಒಂದು ಪದರ ಕಸ, ಒಂದು ಪದರ ಎಲೆ, ಮೇಲಿಷ್ಟು ಒಣಮಣ್ಣು ಹರವಿದರು. ಆಮೇಲೆ ಇಂದ್ರವ್ವ ಹನ್ನೆರಡು ಮನೆಗೂ ಹೋಗಿ, "ತಪ್ಪು ನಂದ ಐತ್ರಿ, ಇನ್ನ ಗಂಜಿ ಎಮ್ಮಿಗಿ ಹಾಕ್ರಿ" ಎಂದು ತಲೆತಗ್ಗಿಸಿ ಹೇಳಿ ಬಂದಳು. ಯಾರೂ ಬೈಯಲಿಲ್ಲ. ಒಬ್ಬಾಕೆ ಚಹಾ ಕುಡಿಸಿಯೇ ಕಳಿಸಿದಳು.

ಅಮಾವಾಸ್ಯೆಯ ದಿನ ಮಲಕಪ್ಪ ಗುಂಡಿ ಮುಚ್ಚಲು ಸಲಿಕೆ ಹಿಡಿದೇ ಬಂದ. ಮೂಗಿನಿಂದ ಚುಂಗು ತೆಗೆದು ಗುಂಡಿಯತ್ತ ಬಗ್ಗಿ ಮೂಸಿದ.

"ವಾಸನಿ ಎತ್ತಾಗ ಹೋತು?"

"ಹುಸೇನಬಿ ಓಡಿಸ್ಯಾಳ್ರಿ ಕಾಕಾ."

ಮಲಕಪ್ಪ ಅಂದಿನ ಕಸದ ಮೇಲೆ ತಾನೇ ಎರಡು ಸಲಿಕೆ ಒಣಮಣ್ಣು ಹಾಕಿ ಹೋದ.

ಮಳೆಗಾಲ ಮುಗಿದ ಮೇಲೆ ಗುಂಡಿ ತೆಗೆದರೆ ಕಪ್ಪನೆಯ ಹುಡಿ ಗೊಬ್ಬರ. ಓಣಿಯವರು ಹಂಚಿಕೊಳ್ಳುವ ಮೊದಲೇ ಇಂದ್ರವ್ವ ಒಂದು ಬುಟ್ಟಿ ತುಂಬಿ ಹುಸೇನಬಿಯ ಅಂಗಳಕ್ಕೆ ಸುರಿದಳು.

"ಇಷ್ಟ್ಯಾಕ ತಂದಿ, ಯವ್ವಾ?"

ಇಂದ್ರವ್ವ ಖಾಲಿ ಬುಟ್ಟಿ ಎತ್ತಿಕೊಂಡು ಇನ್ನೊಂದು ತರಲು ಹೋದಳು.