ಪೇಟಿ ಬಿಚ್ಚಿ ಬರೆದ ಸುಗ್ರಾ

ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತಾರೆ. ಬಸವನ ಬಾಗೇವಾಡಿಯ ನಮ್ಮ ಮನೆಯಲ್ಲೂ ಅಜ್ಜನ ಕಾಲದ ಪೇಟಿಯೊಂದಿದೆ. ಏಕಾದಶಿಯ ಭಜನೆಗೆ ಅದು ಹೊರಗೆ ಬರುತ್ತದೆ. ಕೆಟ್ಟಾಗ ನಮ್ಮ ತಂದೆ ವಾಸುದೇವರಾಯರು ಅದನ್ನು ಸಿಂದಗಿಯ ಮೋದಿನಸಾಬರ ರಿಪೇರಿ ಅಂಗಡಿಗಲ್ಲದೆ ಬೇರೆಲ್ಲಿಗೂ ಒಯ್ಯುತ್ತಿರಲಿಲ್ಲ. ತಂದೆ ತೀರಿಕೊಂಡ ಮೇಲೆ ನಾನೊಬ್ಬನೇ ಮೊದಲ ಸಲ ಪೇಟಿ ಹೊತ್ತು ಅಲ್ಲಿಗೆ ಹೋದೆ. ಕೆಲಸದ ಮಣೆಯ ಮುಂದೆ ಮೋದಿನಸಾಬರ ಬದಲು ಅವರ ಸೊಸೆ ಸುಗ್ರಾ ಕೂತಿದ್ದಳು.

"ನಿಮ್ಮ ಮಾವಾರು ಇಲ್ಲೇನ್ರಿ?" ಎಂದೆ.

"ಒಳಗ ಅದಾರ್ರಿ ಮಾಸ್ತರ. ಆದ್ರ ಅವರಿಗೆ ಈಗ ಕಿವಿ ಕೇಳಸಂಗಿಲ್ಲ. ಇಡ್ರಿ, ನಾ ನೋಡ್ತೇನಿ."

ಅವಳು ಪೇಟಿಯ ತಿದಿ ಒತ್ತಿ, ಒಂದೊಂದೇ ಸ್ವರದ ಕೀಲಿ ಅದುಮುತ್ತ ಬಂದಳು. ನಡುವೆ ಒಂದು ಕಡೆ ನಿಂತು, ಒಳಗೆ ಹೋಗಿ ಮಾವನನ್ನು ಕೈಹಿಡಿದು ಕರೆತಂದಳು. ಮೋದಿನಸಾಬರು ನೆಲಕ್ಕೆ ಕೂತು ಗದ್ದವನ್ನು ಪೇಟಿಯ ಮರಕ್ಕೆ ಆನಿಸಿ ಕಣ್ಣು ಮುಚ್ಚಿದರು. ಸುಗ್ರಾ ಜೋಡಿ ಸ್ವರ ನುಡಿಸಿದಳು. ಮುದುಕರ ತೋರುಬೆರಳು ಮೆಲ್ಲಗೆ ಮೇಲಕ್ಕೆ ಎದ್ದಿತು. ಅವಳು ಪೇಟಿ ಬಿಚ್ಚಿ, ಸ್ವರ ಹೊರಡಿಸುವ ಹಿತ್ತಾಳೆಯ ನಾಲಿಗೆಯ ತುದಿಯನ್ನು ಒಂದಿಷ್ಟು ಕೆರೆದು ಮತ್ತೆ ನುಡಿಸಿದಳು. ಬೆರಳು ಇಳಿಯಿತು. ಅವರ ಮುಖದಲ್ಲಿ ನಗೆ ಕಂಡಿತು.

"ಎರಡು ಸ್ವರ ಕೂಡದಿದ್ರ ಕಟಗಿ ನಡಗತೈತ್ರಿ. ಆ ನಡಗೋದು ಅವರಿಗೆ ಎಲುಬಿನಾಗ ತಿಳೀತೈತಿ," ಎಂದಳು ಸುಗ್ರಾ. ಕೇಳುವ ಕಿವಿಗಳಿದ್ದ ನಾನು ಬೆರಗಾಗಿ ಕೂತೆ.

ಸುಗ್ರಾ ಮುದ್ದೇಬಿಹಾಳದ ಸೈಕಲ್ ರಿಪೇರಿಯವರ ಮಗಳು. ಪಿಯುಸಿ ಓದಿದ್ದಾಳೆ. ಗಂಡ ಅಶ್ಫಾಕ ಟೈರಿನ ವ್ಯಾಪಾರಿ, ಅವನಿಗೆ ಪೇಟಿಯ ಗೊಡವೆ ಬೇಡ. ಮಾವನ ಕಿವಿ ಮಂದವಾಗುತ್ತ ಬಂದಾಗ ಇವಳು ಪಕ್ಕದಲ್ಲಿ ಕೂತು ಕೆಲಸ ಹಿಡಿದಳು. ಕೈ ಪಳಗಿತು, ಆದರೆ ಗಿರಾಕಿ ಉಳಿಯಲಿಲ್ಲ. ಹಳ್ಳಿಗಳ ಭಜನಾ ಮಂಡಳಿಯವರು ಮಣೆಯ ಮುಂದೆ ಅವಳನ್ನು ಕಂಡು ಬಾಗಿಲಲ್ಲೇ ನಿಂತು, ಸಾಹೇಬರು ಕೆಲಸ ಬಿಟ್ಟರಂತೆ ಎಂದು ತಾವೇ ಹೇಳಿಕೊಂಡು ಪೇಟಿಯೊಂದಿಗೆ ಹಿಂದಿರುಗುತ್ತಿದ್ದರು.

ನಮ್ಮ ಪೇಟಿ ಸಿದ್ಧವಾದ ದಿನ ಅವಳು ಅದರ ರೋಗ, ಕಾರಣ, ಮದ್ದು ಎಲ್ಲವನ್ನೂ ಬಿಡಿಸಿ ಹೇಳಿದಳು. ಹೈಸ್ಕೂಲಿನಲ್ಲಿ ಪಾಠ ಹೇಳುವ ನನಗೆ ಒಳ್ಳೆಯ ಪಾಠ ಕೇಳಿದರೆ ಗೊತ್ತಾಗುತ್ತದೆ.

"ಅಕ್ಕಾರ, ಇದನ್ನ ಹಿಂಗ ಬರೀರಿ. ಬ್ಲಾಗ್ ಮಾಡೂಣು," ಎಂದೆ.

"ನಾ ಬರದ್ದ ಯಾರ ಓದ್ತಾರ್ರಿ?"

"ಪೇಟಿ ಕೆಟ್ಟವರು ಓದ್ತಾರ."

ಬ್ಲಾಗಿಗೆ 'ಪೇಟಿ ಬಿಚ್ಚಿದಾಗ' ಎಂದು ಹೆಸರಿಟ್ಟಳು. ತಾನೇ ಬಿಚ್ಚಿ ನೋಡದ ಪೇಟಿಯ ಬಗ್ಗೆ ಬರೆಯುವುದಿಲ್ಲ ಎಂಬುದು ಅವಳ ನಿಯಮ. ಫೋನಿನಲ್ಲಿ ಫೋಟೋ ತೆಗೆದು, ಫೋನಿನಲ್ಲೇ ಬರೆಯುತ್ತಿದ್ದಳು. ಬಹಳ ದಿನ ಅದನ್ನು ಓದಿದವನು ನಾನೊಬ್ಬನೇ ಇರಬೇಕು. ಅವಳು ಮಾತ್ರ ಬಿಡಲಿಲ್ಲ. ಬೇಸಿಗೆಯಲ್ಲಿ ಮರ ಬಿರುಕು ಬಿಡುವುದು, ತಿದಿಯ ಚರ್ಮ ಸೋರುವುದು, ಕೀಲಿ ಅಂಟಿಕೊಳ್ಳುವುದು, ಹೀಗೆ ಕೈಗೆ ಬಂದದ್ದನ್ನೆಲ್ಲ ಬರೆದಳು.

ಆಮೇಲೆ ಇಂಡಿ ತಾಲೂಕಿನ ತಾಂಬಾದಿಂದ ಒಂದು ಪೇಟಿ ಬಂತು. ಅಂಗಡಿಯಲ್ಲಿ ಅದು ಸೊಗಸಾಗಿ ನುಡಿಯಿತು. ಊರಿನ ಗುಡಿಯಲ್ಲಿ ಭಜನೆಗೆ ಕೂತರೆ ಮಾತ್ರ ಒಂದು ಸ್ವರ ಝರ್ರೆನ್ನುತ್ತಿತ್ತು. ಸುಗ್ರಾ ಬಿಚ್ಚಿದಳು, ಕೂಡಿಸಿದಳು, ಮತ್ತೆ ಬಿಚ್ಚಿದಳು. ಮೋದಿನಸಾಬರೂ ತಲೆ ಅಲ್ಲಾಡಿಸಿದರು. ಕೊನೆಗೆ ಅವಳು ಬ್ಲಾಗಿನಲ್ಲಿ ಇಡೀ ಕಥೆ ಬರೆದು, "ಇದರ ಕಾರಣ ನನಗೆ ತಿಳಿದಿಲ್ಲ. ತಿಳಿದವರು ಹೇಳಿಕೊಡಬೇಕು" ಎಂದು ಮುಗಿಸಿದಳು.

"ಹಿಂಗ ಬರದ್ರ ಇದ್ದ ಗಿರಾಕಿನೂ ಹೋಗ್ತಾವು," ಎಂದ ಅಶ್ಫಾಕ.

"ಹೋದ್ರ ಹೋಗ್ಲಿ. ಗೊತ್ತಿಲ್ಲದ್ದ ಗೊತ್ತೈತಿ ಅಂತ ಹೆಂಗ ಬರೀಲಿ?"

ಅದಕ್ಕೆ ಉತ್ತರ ಬಂದದ್ದು ಮಿರಜಿನಿಂದ, ಮರಾಠಿಯಲ್ಲಿ. ಮಹಮ್ಮದಹನೀಫ ಎಂಬ ತಂಬೂರಿ ಮಾಡುವವರು ಬರೆದಿದ್ದರು. ಅವರ ಗೆಳೆಯರೊಬ್ಬರು ಕನ್ನಡ ಓದಿ ಹೇಳಿದ್ದರಂತೆ. ನಮ್ಮ ಮನೆಮಾತು ಮರಾಠಿಯಾದ್ದರಿಂದ ನಾನೇ ಅವಳಿಗೆ ಓದಿ ಹೇಳಿದೆ: "ಪೇಟಿಯನ್ನು ಬಿಡಿ, ಗುಡಿಯನ್ನು ನೋಡಿ. ಆ ಸ್ವರಕ್ಕೆ ಅಲ್ಲಿ ಬೇರೇನೋ ದನಿಗೂಡುತ್ತಿದೆ."

ಮರುದಿನ ನಾವು ತಾಂಬಾಕ್ಕೆ ಹೋದೆವು. ಮಂಡಳಿಯವರು ನುಡಿಸುತ್ತಿದ್ದಂತೆ ಸುಗ್ರಾ ಗೋಡೆಯ ಉದ್ದಕ್ಕೂ ನಡೆದಳು. ಗಾಜು ಹಾಕಿದ ಒಂದು ದೇವರ ಪಟದ ಮೇಲೆ ಅಂಗೈ ಇಟ್ಟಳು. ಝರ್ರೆನ್ನುವುದು ನಿಂತಿತು. ಕೈ ತೆಗೆದಳು, ಮತ್ತೆ ಶುರುವಾಯಿತು. ಭಜನೆಯವರು ನಕ್ಕರು. ಮಂಡಳಿಯ ಹಿರಿಯರು ಆ ಪಟಕ್ಕೆ ಕೈಮುಗಿದರು.

ಇದನ್ನೂ ಅವಳು ಬರೆದಳು. ಹನೀಫರ ಹೆಸರನ್ನು ಮೊದಲ ಸಾಲಿನಲ್ಲೇ ಹಾಕಿದಳು. ಅಲ್ಲಿಂದ ಓದುಗರು ಬೆಳೆದರು. ತಿಳಿಯದ್ದನ್ನು ತಿಳಿಯದು ಎನ್ನುವವಳು ತಿಳಿದಿದೆ ಎಂದಾಗ ನಂಬಬಹುದು ಎಂದು ಜನರಿಗೆ ಅನ್ನಿಸಿರಬೇಕು. ಅಂಗಡಿಗೆ ಮೋರಟಗಿ, ಸಾಲೋಟಗಿ, ಅದರಾಚೆಯ ಊರುಗಳಿಂದ ಪೇಟಿಗಳು ಬರತೊಡಗಿದವು. ಬಂದವರು ಈಗ, "ಬರಿಯೋ ಬಾಯಾರ ಅಂಗಡಿ ಯಾವುದ್ರಿ?" ಎಂದು ಬಸ್ ನಿಲ್ದಾಣದಲ್ಲಿ ವಿಚಾರಿಸುತ್ತಿದ್ದರು.

ಒಂದು ಮಳೆಗಾಲ ಕೃಷ್ಣೆ ಉಕ್ಕಿ ಮಿರಜಿನ ಆಸುಪಾಸಿನ ಹಳ್ಳಿಗಳಿಗೆ ನುಗ್ಗಿತು. ನೀರು ಇಳಿದ ಮೇಲೆ, ನಾನು ಅಂಗಡಿಯಲ್ಲಿದ್ದಾಗ, ಹನೀಫರು ಫೋನ್ ಮಾಡಿದರು. ಮನೆಮನೆಯ, ಗುಡಿಗುಡಿಯ ಪೇಟಿಗಳು ಕೆಸರಿನಲ್ಲಿ ಕೂತಿವೆ, ಜನ ಅವನ್ನು ಬಿಸಿಲಿಗೆ ಇಡುತ್ತಿದ್ದಾರೆ, ಇನ್ನು ಕೆಲವರು ಒಲೆಗೆ ಹಾಕುವ ಮಾತಾಡುತ್ತಿದ್ದಾರೆ ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳುತ್ತ ಹೋದೆ.

"ಬಿಸಲಿಗಿ ಬ್ಯಾಡ್ರಿ!" ಸುಗ್ರಾ ಫೋನಿಗೇ ಕೂಗಿದಳು. "ಕಟಗಿ ಸೀಳತೈತಿ. ನೆಳ್ಳಾಗ ಇಡಾಕ ಹೇಳ್ರಿ. ನಾ ಈಗ ಬರೀತೇನಿ."

ಮಾವನ ಮುಂದೆ ಕೂತು ಪ್ರಶ್ನೆಗಳನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದಳು. ಅವರು ಬಾಯಿಬಿಟ್ಟು ಉತ್ತರ ಹೇಳಿದರು. ಕೆಸರು ಒಣಗುವ ಮೊದಲೇ ತೊಳೆಯಬೇಕು. ಹಿತ್ತಾಳೆಯ ನಾಲಿಗೆಗಳನ್ನು ಕಳಚಿ, ಇದ್ದ ಸಾಲಿನಲ್ಲೇ ಬಟ್ಟೆಯ ಮೇಲೆ ಜೋಡಿಸಬೇಕು. ಅಂಟು ಬಿಟ್ಟಿದ್ದರೆ ಹೆದರಬಾರದು, ಮರ ಪೂರ್ತಿ ಒಣಗುವ ತನಕ ಮತ್ತೆ ಅಂಟಿಸಬಾರದು. ಅವಳು ಕನ್ನಡದಲ್ಲಿ ಬರೆದಂತೆಲ್ಲ ನಾನು ಪಕ್ಕದಲ್ಲೇ ಕೂತು ಮರಾಠಿಗೆ ತಂದೆ. ಸಂಜೆಯೊಳಗೆ ಅದು ಹಳ್ಳಿಗಳ ಫೋನುಗಳನ್ನು ತಲುಪಿತ್ತು.

ಆಮೇಲೆ ಫೋಟೋಗಳು ಬರತೊಡಗಿದವು. ಸಾಲೆಯ ಪಡಸಾಲೆಗಳಲ್ಲಿ, ಮಸೀದಿಯ ನೆರಳಿನಲ್ಲಿ, ಬೇವಿನ ಗಿಡದ ಕೆಳಗೆ ಬಿಚ್ಚಿಟ್ಟ ಪೇಟಿಗಳು. ಸೀರೆಯ ತುಂಡುಗಳ ಮೇಲೆ ಸಾಲಾಗಿ ಹೊಳೆಯುವ ಹಿತ್ತಾಳೆ. ಸುಗ್ರಾ ಪ್ರತಿಯೊಂದನ್ನೂ ದೊಡ್ಡದು ಮಾಡಿ ನೋಡಿ, "ಈ ನಾಲಗಿ ತಿರಗಾಮುರಗಾ ಆಗೇತಿ, ಹೇಳ್ರಿ ಮಾಸ್ತರ" ಎನ್ನುತ್ತಿದ್ದಳು. ಎಂದೂ ಕಾಣದ ಜನ ಇವಳ ಮಾತು ನಂಬಿ ತಮ್ಮ ದೇವರ ಪೇಟಿಗೆ ಸ್ಕ್ರೂಡ್ರೈವರ್ ಹಚ್ಚಿದ್ದರು.

ಚಳಿಗಾಲದಲ್ಲಿ ಅಲ್ಲಿನವರು ಅವಳನ್ನು ಕರೆಸಿಕೊಂಡರು. ಅಶ್ಫಾಕನೇ ಗಾಡಿ ಮಾಡಿಕೊಂಡು ಬಂದ. ನಾನೂ ಹೋದೆ. ಸಾಲೆಯ ಅಂಗಳದಲ್ಲಿ ಜಮಖಾನೆ ಹಾಸಿ, ಹಳ್ಳಿಹಳ್ಳಿಯವರು ಉಳಿಸಿಕೊಂಡ ಪೇಟಿಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. ಕೆಲವಕ್ಕೆ ಬಣ್ಣ ಹೋಗಿತ್ತು. ಕೆಲವಕ್ಕೆ ಬೇರೆ ಮರದ ತೇಪೆ. ಬಿಳಿ ಗಡ್ಡದ ಹನೀಫರು ಎದ್ದು ಬಂದು, "ಸುಗ್ರಾತಾಯಿ" ಎಂದು (ಮರಾಠಿಯಲ್ಲಿ ಹಾಗೆಂದರೆ ಸುಗ್ರಾ ಅಕ್ಕ) ಅವಳನ್ನು ನಡುವೆ ಕೂರಿಸಿದರು.

ಭಾಷಣ ಮಾಡಬೇಕೆಂದು ಎಲ್ಲರೂ ಕೇಳಿದರು. ಅವಳು ಸೆರಗು ತಲೆಯ ಮೇಲೆ ಸರಿಪಡಿಸಿಕೊಂಡು ನನ್ನ ಕಡೆ ತಿರುಗಿದಳು.

"ಎಲ್ಲಾರೂ ಕೂಡಿ 'ಸಾ' ಹಿಡೀರಿ ಅಂತ ಹೇಳ್ರಿ ಮಾಸ್ತರ."

ನಾನು ಮರಾಠಿಯಲ್ಲಿ ಹೇಳಿದೆ. ತಿದಿಗಳು ಒಮ್ಮೆಗೇ ತೆರೆದುಕೊಂಡವು.

ಆ ಸ್ವರ ಎದ್ದದ್ದನ್ನು ಹೇಗೆ ಹೇಳಲಿ? ನೆಲದಿಂದ ಎದ್ದಂತಿತ್ತು. ನನ್ನ ಎದೆಗೂಡಿನಲ್ಲೂ ಅದು ಮೊಳಗಿತು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಮೊಮ್ಮಗಳನ್ನು ತಬ್ಬಿಕೊಂಡು ಅಳುತ್ತಿದ್ದಳು. ಅಶ್ಫಾಕ ಗಾಡಿಯ ಬಾಗಿಲು ಹಿಡಿದವನು ಹಿಡಿದಂತೆಯೇ ನಿಂತಿದ್ದ. ನುಡಿಸುವವರೆಲ್ಲ ಕಣ್ಣು ಮುಚ್ಚಿದ್ದರು, ಸುಗ್ರಾ ಮುಚ್ಚಿರಲಿಲ್ಲ. ಅವಳು ಒಬ್ಬೊಬ್ಬರ ಕೈಯನ್ನೂ ನೋಡುತ್ತಿದ್ದಳು, ಆ ಕೈಗಳು ತಾವೇ ಬಿಚ್ಚಿ ಕೂಡಿಸಿದ ಪೇಟಿಗಳ ತಿದಿಯನ್ನು ಎಷ್ಟು ಹಗುರವಾಗಿ ಒತ್ತುತ್ತಿವೆ ಎಂದು.