ಪಾಲಿಗೆ ಕೂತ ಅಜ್ಜಿ

ನಮ್ಮ ಅಜ್ಜಿ ಮನೆಯ ನಾಯಿಯನ್ನು ‘ಮಗಾ’ ಎಂದೇ ಕರೆಯುತ್ತಿದ್ದಳು. ಅಪ್ಪನನ್ನೂ ಹಾಗೆಯೇ ಕರೆಯುತ್ತಿದ್ದುದರಿಂದ ಒಂದು ಕೂಗಿಗೆ ಇಬ್ಬರೂ ಬರಬೇಕಿತ್ತು. ಮೊದಲು ಬರುತ್ತಿದ್ದದ್ದು ನಾಯಿ. ಅಪ್ಪ ಪೇಪರ್ ಮಡಚಿಟ್ಟು, ಕನ್ನಡಕ ತೆಗೆದು ಬರುವಷ್ಟರಲ್ಲಿ ಅಜ್ಜಿ ಹೇಳಬೇಕಾದದ್ದನ್ನೆಲ್ಲ ನಾಯಿಗೆ ಹೇಳಿ ಮುಗಿಸಿರುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಆ ನಾಯಿ ಅನ್ನ ಬಿಟ್ಟಿತು. ಚಾವಡಿಯ ಮೂಲೆಯಲ್ಲಿ ಗೋಣಿಯ ಮೇಲೆ ಮಲಗಿದ್ದು ಏಳಲೇ ಇಲ್ಲ. ಕಾಪುವಿನಿಂದ ಬಂದ ದನದ ಡಾಕ್ಟರು ಅದರ ರೆಪ್ಪೆ ಎತ್ತಿ ನೋಡಿ, ವಯಸ್ಸಾಯಿತು, ಕೃಷ್ಣಾಷ್ಟಮಿಯವರೆಗೆ ಇದ್ದರೆ ದೊಡ್ಡದು ಎಂದರು. ಅಜ್ಜಿ ಅವರಿಗೆ ಚಹಾ ಕೊಟ್ಟಳು, ಆದರೆ ಮಾತಾಡಿಸಲಿಲ್ಲ.

ನಾನಾಗ ಕಾರ್ಕಳದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಶನಿವಾರ ಉದ್ಯಾವರದ ಮನೆಗೆ ಬಂದವಳು ನಾಯಿಯ ಸ್ಥಿತಿ ನೋಡಿ, ಹೋಗುವ ಮೊದಲು ಇದರದ್ದೊಂದು ಫೋಟೋ ತೆಗೆಸಲೇಬೇಕು ಎಂದೆ. ಹಟಕ್ಕೆ ಕಾರಣ ಇತ್ತು. ನಾನು ಚಿಕ್ಕವಳಿದ್ದಾಗ ತೀರಿಕೊಂಡ ಅಜ್ಜನ ಮುಖ ನನಗೆ ಮರೆತುಹೋಗಿತ್ತು. ಅವರ ನಶ್ಯದ ವಾಸನೆ ನೆನಪಿತ್ತು, ಕೆಮ್ಮು ನೆನಪಿತ್ತು, ಮುಖ ಮಾತ್ರ ಎಷ್ಟು ತಡಕಿದರೂ ಇಲ್ಲ. ಇನ್ನೊಂದು ಮುಖವನ್ನು ಹಾಗೆ ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಬೇಡ ಎನ್ನಲು ಅಜ್ಜಿಗೂ ಕಾರಣ ಇತ್ತು. ಅಜ್ಜ ಜೀವನದಲ್ಲಿ ಒಮ್ಮೆ ಉಡುಪಿಯ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡಿದ್ದರು, ಅದೇ ವರ್ಷ ಹೋದರು. ಫೋಟೋ ಆಯುಷ್ಯವನ್ನು ಎಳೆದುಕೊಳ್ಳುತ್ತದೆ ಎಂದು ನಂಬಿದ್ದ ಅಜ್ಜಿ ಅದನ್ನು ಬಚ್ಚಲ ಒಲೆಗೆ ಹಾಕಿದ್ದಳು. ಅಂಥವಳ ಮುಂದೆ ನಾನು ಬೆಳಕು, ಗಾಜು, ಕಾಗದ ಎಂದು ಪಾಠ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು, ನಿನ್ನ ಶಾಲೆಯ ಮಕ್ಕಳು ಪಾಪ ಎಂದು ಒಳಗೆ ಹೋದಳು. ಹಟದಲ್ಲಿ ನಾನೂ ಅವಳ ಮೊಮ್ಮಗಳೇ. ಮಧ್ಯಾಹ್ನದ ಬಸ್ಸಿಗೆ ಉಡುಪಿಗೆ ಹೋಗಿ, ನಮ್ಮವನು ಕೊನೆಯ ಸ್ಥಿತಿಯಲ್ಲಿದ್ದಾನೆ, ನಾಳೆಯೇ ಬನ್ನಿ ಎಂದು ಸ್ಟುಡಿಯೋದವರಿಗೆ ಹೇಳಿ ಬಂದೆ.

ಮರುದಿನ ಅವರು ಬಿಳಿ ಅಂಗಿ ಹಾಕಿ, ಮುಖ ಸಪ್ಪೆ ಮಾಡಿಕೊಂಡು ಬಂದರು. ಆಗೆಲ್ಲ ನಮ್ಮ ಕಡೆ ಫೋಟೋದವರು ಮನೆಗೆ ಬರುವುದು ಒಂದೋ ಮದುವೆಗೆ, ಇಲ್ಲವೇ ಸಾವಿಗೆ. ಎಲ್ಲಿ ಮಲಗಿಸಿದ್ದೀರಿ ಎಂದು ಮೆಲ್ಲಗೆ ಕೇಳಿದರು. ಅಪ್ಪ ಗೋಣಿ ತೋರಿಸಿದರು. ನಾಯಿ ಎಂದು ಹೇಳದ್ದಕ್ಕೆ ಅವರಿಗೆ ಸಿಟ್ಟು ಬರುತ್ತದೆ ಎಂದು ನಾನು ಹೆದರಿದ್ದೆ. ಅವರು ನಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಸದ್ಯ ಉಸಿರಾದರೂ ಉಂಟಲ್ಲ ಎಂದು ಹಗುರಾದರು.

ಮಳೆ ನಿಂತು ಚಾವಡಿಗೆ ಸ್ವಲ್ಪ ಬಿಸಿಲು ಬಂತು. ಆದರೆ ನಾಯಿ ತಲೆ ಎತ್ತಲಿಲ್ಲ. ನಾನು ಕರೆದೆ, ಅಪ್ಪ ಚಪ್ಪಾಳೆ ತಟ್ಟಿದರು, ಬಿಸ್ಕತ್ತು ತೋರಿಸಿದೆವು. ಕಿವಿ ಕೂಡ ಅಲ್ಲಾಡಲಿಲ್ಲ. ಅಷ್ಟರಲ್ಲಿ ಅಜ್ಜಿ ಹೊರಗೆ ಬಂದಳು. ಪೆಟ್ಟಿಗೆಯಲ್ಲಿ ಮಡಚಿಟ್ಟಿದ್ದ ಹಬ್ಬದ ಸೀರೆ ಉಟ್ಟಿದ್ದಳು. ನೆಲದ ಮೇಲೆ ಕೂತು ನಾಯಿಯ ತಲೆಯನ್ನು ತೊಡೆಗೆ ಎಳೆದುಕೊಂಡಳು. ಅಪ್ಪನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು.

“ಇವನೊಬ್ಬನದ್ದೇ ತೆಗೆದರೆ ಇದ್ದ ಚೂರು ಆಯುಷ್ಯವೂ ಹೋಗ್ತದೆ,” ಎಂದಳು ಅಜ್ಜಿ. “ನಾನೂ ಕೂತರೆ ಪಾಲಾಗ್ತದೆ. ನನ್ನ ಹತ್ತಿರ ಬೇಕಾದಷ್ಟು ಉಂಟು.”

ನನ್ನ ವಿಜ್ಞಾನವೆಲ್ಲ ಅಲ್ಲೇ ನಿಂತುಹೋಯಿತು. ಅಜ್ಜಿ ‘ಮಗಾ’ ಎಂದಳು, ನಾಯಿ ತಲೆ ಎತ್ತಿ ಅವಳನ್ನು ನೋಡಿತು, ಕ್ಯಾಮೆರಾ ಕ್ಲಿಕ್ ಎಂದಿತು. ಫೋಟೋದಲ್ಲಿ ನಾಯಿ ಅಜ್ಜಿಯನ್ನೇ ನೋಡುತ್ತಿದೆ. ಅಜ್ಜಿ ಮಾತ್ರ ಹಪ್ಪಳಕ್ಕೆ ಬಂದ ಕಾಗೆಯನ್ನು ನೋಡುವ ಹಾಗೆ ಕ್ಯಾಮೆರಾವನ್ನು ದುರುಗುಟ್ಟಿ ನೋಡುತ್ತಿದ್ದಾಳೆ.

ಆ ವಾರವೇ ನಾಯಿ ಗಂಜಿತಿಳಿ ಕುಡಿಯಿತು. ಡಾಕ್ಟರು ಹೇಳಿದ ಅಷ್ಟಮಿ ದಾಟಿತು, ದೀಪಾವಳಿಯ ಪಟಾಕಿಗೆ ಹೆದರಿ ಮಂಚದಡಿ ನುಗ್ಗುವಷ್ಟು ಸುಧಾರಿಸಿತು. ಮಾವು ಹೂ ಬಿಡುವ ಹೊತ್ತಿಗೆ ಒಂದು ಬೆಳಿಗ್ಗೆ ಅದೇ ಗೋಣಿಯ ಮೇಲೆ ನಿದ್ದೆಯಲ್ಲೇ ಹೋಯಿತು. ಅಜ್ಜಿ ಎಲ್ಲರೆದುರೇ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಕೊಟ್ಟದ್ದು ಸಾಕಾಯಿತು ಅವನಿಗೆ, ಎಂದಳು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಯಾರದ್ದೇ ಫೋಟೋ ಆಗಲಿ, ಅಜ್ಜಿ ಇರಲೇಬೇಕು. ನನ್ನ ಮದುವೆಯ ಫೋಟೋಗಳಲ್ಲಿ ಮದುಮಗನಿಗಿಂತ ಅವಳೇ ಹೆಚ್ಚು ಇದ್ದಾಳೆ. ಅಣ್ಣ ದುಬೈಗೆ ಹೊರಟಾಗ, ಪಾಸ್‌ಪೋರ್ಟಿಗೆ ಒಬ್ಬರದ್ದೇ ಮುಖ ಬೇಕು ಎಂದು ಸ್ಟುಡಿಯೋದವರು ಕೈ ಮುಗಿದರು. ಅಜ್ಜಿ ಸ್ಟೂಲಿನ ಕೆಳಗೆ ಕೂತು, ಫೋಟೋದಲ್ಲಿ ಕಾಣದ ಹಾಗೆ ಅವನ ಕಾಲು ಹಿಡಿದುಕೊಂಡಳು. ಆ ಫೋಟೋದಲ್ಲಿ ಅಣ್ಣನಿಗೆ ನಗು ತಡೆಯಲಾಗದ್ದು ಈಗಲೂ ಕಾಣುತ್ತದೆ.

ಎಂಬತ್ತರ ದಶಕದ ಕೊನೆಗೆ ಅಜ್ಜಿಯೇ ಮಲಗಿದಳು. ಈ ಮಳೆಗಾಲ ದಾಟುವುದು ಕಷ್ಟ ಎಂದು ಮಣಿಪಾಲದ ಆಸ್ಪತ್ರೆಯಲ್ಲಿ ಹೇಳಿದ ಮೇಲೆ ಮನೆಗೆ ಕರೆತಂದು ಚಾವಡಿಯಲ್ಲಿ ಮಂಚ ಹಾಕಿದೆವು. ಮುಖ ಮರೆತುಹೋಗುವ ಭಯ ನನಗೆ ಇನ್ನಿರಲಿಲ್ಲ, ಮನೆ ತುಂಬ ಅವಳದ್ದೇ ಮುಖ ಇತ್ತು. ಆದರೂ ಒಂದು ಬೇಕೆನಿಸಿತು. ತಲೆ ನೆರೆತಿದ್ದ ಅದೇ ಸ್ಟುಡಿಯೋದವರು ಬಂದರು. ಅವರು ಕ್ಯಾಮೆರಾ ತೆಗೆಯುವ ಮೊದಲೇ, ಇಷ್ಟು ವರ್ಷ ಅಜ್ಜಿಯ ನಂಬಿಕೆಗೆ ನಕ್ಕ ನಾನೇ ಹೋಗಿ ಮಂಚದ ತುದಿಗೆ ಕೂತೆ. ಹಿಂದೆಯೇ ಅಪ್ಪ ಬಂದರು, ಅಮ್ಮ ಬಂದರು, ರಜೆಯಲ್ಲಿ ಬಂದಿದ್ದ ಅಣ್ಣನೂ ಅತ್ತಿಗೆಯೂ ಬಂದರು. ಅಜ್ಜಿಯದ್ದು ಮಾತ್ರ ಅಲ್ವಾ ಎಂದು ಸ್ಟುಡಿಯೋದವರು ಕೇಳಿದರು. ಅಲ್ಲ, ನೀವು ಸ್ವಲ್ಪ ಹಿಂದೆ ಹೋಗಿ ಎಂದರು ಅಪ್ಪ.

“ಎಂತಕ್ಕೆ ಇಷ್ಟು ಜನ?” ಎಂದಳು ಅಜ್ಜಿ.

“ಪಾಲಿಗೆ,” ಎಂದೆ.

ಅವಳು ನಮ್ಮನ್ನು ಒಬ್ಬೊಬ್ಬರಾಗಿ ನೋಡಿದಳು. ಮಂಚದ ಪಕ್ಕ ನಿಂತು ಬಾಲ ಅಲ್ಲಾಡಿಸುತ್ತಿದ್ದ ಹೊಸ ನಾಯಿಯನ್ನೂ ನೋಡಿದಳು. ಆಮೇಲೆ ಕಷ್ಟಪಟ್ಟು ಕಾಲು ಮಡಚಿ ಅದಕ್ಕೂ ಜಾಗ ಮಾಡಿಕೊಟ್ಟಳು. ಆ ಸಲದ ಮಳೆಗಾಲವನ್ನು ಅಜ್ಜಿ ನಮ್ಮ ಜೊತೆಯಲ್ಲೇ ದಾಟಿದಳು.