ಹಾಲಿನ ಟ್ಯಾಂಕೂ ನಮ್ಮ ಆಫೀಸಿನ ಗೋಡೆ ಗಡಿಯಾರವೂ

ಆ ಹೆಂಗಸನ್ನು ಅಂದು ಹನ್ನೊಂದು ಗಂಟೆಗೆ ಕೆಲಸದಿಂದ ತೆಗೆಯುವುದಿತ್ತು. ಅದಕ್ಕೆ ಪುರಾವೆ ಒದಗಿಸಿದವನು ನಾನು.

ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ಆಕೆ ಹಾಲು ಅಳೆದುಕೊಳ್ಳುತ್ತಿದ್ದಳು. ಅಳೆದ ಅರ್ಧ ಗಂಟೆಯೊಳಗೆ ಆಕೆ ಅದನ್ನು ತಂಪಿನ ಟ್ಯಾಂಕಿಗೆ ಸುರಿಯಬೇಕು, ಇಲ್ಲವಾದರೆ ಊರವರ ಹಾಲೆಲ್ಲ ಕೆಡುತ್ತದೆ. ಅದನ್ನು ಗಮನಿಸುವ ವ್ಯವಸ್ಥೆ ಹಾಸನದ ನಮ್ಮ ಪುಟ್ಟ ಕಂಪನಿಯದು. ತೂಕದ ವಿವರ ಒಂದು ಕ್ಲೌಡಿನ ಸರ್ವರಿಗೆ, ಟ್ಯಾಂಕಿನದು ಇನ್ನೊಂದು ಕ್ಲೌಡಿನ ಸರ್ವರಿಗೆ ಹೋಗುತ್ತಿತ್ತು. ಬಂದ ಹೊತ್ತನ್ನು ಆಯಾ ಸರ್ವರೇ ಬರೆದುಕೊಳ್ಳುತ್ತಿತ್ತು. ಒಂದು ವಾರದಿಂದ ದಿನವೂ ನಲವತ್ತು ನಿಮಿಷದ ಹತ್ತಿರ ತೋರಿಸುತ್ತಿತ್ತು. ನಾನು ವರದಿ ಕಳಿಸಿ ಕೈ ತೊಳೆದುಕೊಂಡಿದ್ದೆ.

ಅಂದು ಬೆಳಿಗ್ಗೆ ಯಾಕೋ ಎರಡೂ ಸರ್ವರುಗಳ ಗಡಿಯಾರಗಳನ್ನು ಅಕ್ಕಪಕ್ಕ ತೆರೆದು ನೋಡಿದೆ. ಟ್ಯಾಂಕಿನ ಸರ್ವರ್ ಹದಿನೈದು ನಿಮಿಷ ಮುಂದಿತ್ತು. ಅದು ಸಮಯ ಕೇಳುತ್ತಿದ್ದುದು ನಮ್ಮ ಆಫೀಸಿನ ಹಳೇ ಕಂಪ್ಯೂಟರನ್ನು. ಹಾಗೆ ಹೊಂದಿಸಿದವನು ನಾನೇ. ವಾರದ ಹಿಂದೆ ಕರೆಂಟು ಹೋಗಿ ಬಂದ ಮೇಲೆ ಗೋಡೆ ಗಡಿಯಾರ ನೋಡಿ ಆ ಕಂಪ್ಯೂಟರಿಗೆ ಟೈಮು ಕೂರಿಸಿದವನೂ ನಾನೇ. ಅರಕಲಗೂಡಿನ ಬಸ್ಸು ತಪ್ಪಬಾರದೆಂದು ಗೋಡೆ ಗಡಿಯಾರವನ್ನು ಕಾಲು ಗಂಟೆ ಮುಂದಿಟ್ಟಿದ್ದ ಮಹಾನುಭಾವನೂ ನಾನೇ. ನಮ್ಮ ಕಡೆ ಯಾವ ಮನೆಯ ಗಡಿಯಾರ ತಾನೇ ಸರಿಯಾಗಿರುತ್ತದೆ? ಆದರೆ ಸರ್ವರಿಗೆ ಅದೇನು ಗೊತ್ತು, ಪಾಪ.

ಹಾಲಿನ ಸಂಘದ ಕಾರ್ಯದರ್ಶಿ ಫೋನ್ ಎತ್ತಲಿಲ್ಲ. ಬೈಕ್ ಹತ್ತಿದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ, ಲಾರಿಯವರನ್ನೂ ಬೈದೆ. ಸಂಘದ ಆಫೀಸು ಮುಟ್ಟಿದಾಗ ಹನ್ನೊಂದಕ್ಕೆ ಐದು ನಿಮಿಷವಿತ್ತು.

"ತಪ್ಪು ನಂದು, ಆಯಮ್ಮಂದಲ್ಲ," ಎಂದು ಗಡಿಯಾರದ ಕತೆಯನ್ನೆಲ್ಲ ಹೇಳಿದೆ.

"ಈಗ್ ಬಂದು ಯೋಳ್ತೀರಲ್ಲ ಸಾ," ಎಂದರು ಕಾರ್ಯದರ್ಶಿ. "ನಾನೇ ಲೇಟ್ ಮಾಡ್ದೆ ಅಂತ ಆಯಮ್ಮ ಬರ್ದು ಸೈನ್ ಆಕ್ಬುಟ್ಟೈತೆ."

ಆಕೆ ಬಾಗಿಲ ಪಕ್ಕ ನಿಂತಿದ್ದಳು. ನನಗೆ ರೇಗಿಹೋಯಿತು, ಯಾರ ಮೇಲೋ ತಿಳಿಯದು.

"ಮಾಡ್ದೇ ಇರೋ ತಪ್ಪನ್ನ ಯಾಕಮ್ಮ ಒಪ್ಕಂಡ್ರಿ?"

"ಕಂಪ್ಯೂಟ್ರು ಸುಳ್ಳೇಳಲ್ಲ ಅಂತ ಪೋನಲ್ಲಿ ನೀವೇ ಅಂದ್ರಲ್ಲ ಸಾ. ಓಡೋಡಿ ಸುರುದ್ರೂ ಲೇಟು ಅಂತ್ಲೇ ಬತ್ತಿತ್ತು. ನಂಗೇ ಒತ್ತು ಗೊತ್ತಾಯ್ತಿಲ್ಲ, ತಲೇಲಿ ಏನೋ ಆಗೈತೆ ಅಂದ್ಕಂಡು ಆಸನುಕ್ಕೋಗಿ ಡಾಕ್ಟ್ರಿಗೆ ತೋರಿಸ್ಕಂಡು ಬಂದೆ."

ಕಾರ್ಯದರ್ಶಿ ಆ ಕಾಗದವನ್ನು ಹರಿದು ಹಾಕಿದರು. ಕೆಲಸ ಉಳಿಯಿತು. ಆಕೆ ಚೀಲದಿಂದ ಅರ್ಧ ಖಾಲಿಯಾದ ಮಾತ್ರೆಯ ಹಾಳೆಯೊಂದನ್ನು ತೆಗೆದು ನನ್ನ ಮುಂದೆ ಹಿಡಿದಳು.

"ಅಂಗಾದ್ರೆ ಇದ್ನ ನಿಲ್ಲಿಸ್ಬೌದಾ ಸಾ?"